ಮೂರನೆಯ ಭಾಗದ ಬೇಜಾರು

ಕಳೆದ ವಾರ ಶಿರಸಿಯ ಗ್ರಂಥಿಗೆ ಅಂಗಡಿಯಲ್ಲಿ ಧೂಪ ಕಟ್ಟಿಸಿಕೊಳ್ಳುತ್ತಿದ್ದೆ. ಅಂಗಡಿಯವನು ರಾಳದ ಗಟ್ಟಿಯೊಂದನ್ನು ತೆಗೆದು ಸುತ್ತಿಗೆಯಿಂದ ಕುಟ್ಟಿದ. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. "ಎಂತ ಆತು ಸುಲೋಚನಕ್ಕ, ಧೂಪ ಬ್ಯಾಡ್ದಾ?" ಎಂದು ಅವನು ಹಿಂದಿನಿಂದ ಕೂಗುತ್ತಲೇ ಇದ್ದ. ಬೇಡ ಎಂದು ಕೈಯಾಡಿಸಿ ರಸ್ತೆಗೆ ಬಂದೆ. ವಾಯೊಲಿನ್ ಕಮಾನಿಗೆ ಉಜ್ಜುವ ರಾಳಕ್ಕೂ ಇದೇ ವಾಸನೆ. ಮೂರು ವರ್ಷದ ಹಿಂದಿನ ಚಳಿಗಾಲವಿಡೀ ಇದೇ ವಾಸನೆಯೊಳಗೆ ಕೂತು ಟೈಪು ಮಾಡಿದವಳು ನಾನು. ಆ ಚಳಿಗಾಲದಲ್ಲಿ ನನ್ನಿಂದ ಒಂದು ತಪ್ಪಾಯಿತು. ತಪ್ಪಾಯಿತು ಎಂದರೆ ತಾನಾಗಿ ಆದ ಹಾಗೆ ಕೇಳುತ್ತದೆ, ನೋಡಿ. ತಪ್ಪು ಮಾಡಿದೆ.

ನನ್ನ ಕಸುಬು ಮೊದಲು ಹೇಳಿಬಿಡುತ್ತೇನೆ. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಸಾಕ್ಷಿ ಕಟ್ಟೆಯಲ್ಲಿ ನಿಂತವರು ಆಡಿದ್ದನ್ನು ಬರವಣಿಗೆಯ ಕನ್ನಡಕ್ಕೆ ತಿರುಗಿಸಿ ಕುಟ್ಟುವುದು, ಕೊನೆಗೆ ಅವರಿಗೇ ಓದಿ ಹೇಳುವುದು, ಅವರು ಸರಿಯಿದೆ ಎಂದ ಮೇಲೆ ಸಹಿ ಹಾಕಿಸುವುದು. ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳು ಹೇಳುವವರನ್ನು ದಿನಕ್ಕೆ ನಾಲ್ಕೈದು ಜನರಂತೆ ನೋಡಿದ್ದೇನೆ. ನನ್ನ ಸಂಶಯ ಹುಟ್ಟಿನಿಂದ ಬಂದದ್ದಲ್ಲ, ಸಂಬಳ ತೆಗೆದುಕೊಂಡು ಕಲಿತದ್ದು. ಯಾರಾದರೂ ಅತ್ತರೆ ನಾನು ಮೊದಲು ನೋಡುವುದು ಕಣ್ಣೀರು ನಿಜವಾಗಿ ಇಳಿಯಿತೇ, ಸೆರಗು ಒದ್ದೆಯಾಯಿತೇ ಎಂದು. ಕಾಮಾಲೆ ಕಣ್ಣಿಗೆ ಊರೆಲ್ಲ ಹಳದಿ ಎನ್ನುವವರು ಎನ್ನಲಿ.

ನಿವೃತ್ತಿಯಾಗಿ ವರ್ಷವಾಗಿತ್ತು. ಪುಣೆಯಿಂದ ಮಿಲಿಂದ ಎಂಬುವನು ಶಿರಸಿಗೆ ಬಂದು ಇಳಿದ. ನಲವತ್ತರ ಆಸುಪಾಸು, ತಾಯಿಯ ಕಡೆಯಿಂದ ಕೊಂಕಣಿ, ತಂದೆಯ ಕಡೆಯಿಂದ ಮರಾಠಿ, ಸಂತೆಯಲ್ಲಿ ಸುಧಾರಿಸುವಷ್ಟು ಕನ್ನಡ. ಇಪ್ಪತ್ತೆರಡು ಜನ ವಾದ್ಯದವರನ್ನು ಕಟ್ಟಿಕೊಂಡು ನಾಲ್ಕು ಭಾಗದ ಒಂದು ಸಂಗೀತ ರಚಿಸಿದ್ದ. ಅದನ್ನು ದೊಡ್ಡ ಊರಿನ ಬಲ್ಲವರ ಮುಂದೆ ನುಡಿಸುವುದಿಲ್ಲವಂತೆ. ಇಂಥದ್ದನ್ನು ಎಂದೂ ಕೇಳದವರ ಮುಂದೆಯೇ ನುಡಿಸಬೇಕಂತೆ. ಮೊದಲು ಶಿರಸಿ, ಹತ್ತು ದಿನ ಬಿಟ್ಟು ಸಿದ್ದಾಪುರ, ಮತ್ತೆ ಹತ್ತು ದಿನ ಬಿಟ್ಟು ಯಲ್ಲಾಪುರ. ಕೇಳಿದವರ ಬಾಯಿಂದ ಬಂದದ್ದನ್ನು ಬರೆದುಕೊಳ್ಳಲು ಒಬ್ಬರು ಬೇಕಿತ್ತು. ಅವನು ಬಾಡಿಗೆಗೆ ಇಳಿದದ್ದು ನಮ್ಮ ಅಣ್ಣನ ಮನೆಯ ಮಾಳಿಗೆಯಲ್ಲಿ. ಹಾಗಾಗಿ ಆ ಕೆಲಸ ನನ್ನ ಕೊರಳಿಗೆ ಬಿತ್ತು.

"ಅಕ್ಕಾ, ನನಗೆ ಚಂದ-ಗಿಂದ ಬೇಡ," ಎಂದು ಮೊದಲ ದಿನವೇ ಹೇಳಿದ. "ಅವರಿಗೆ ಒಳಗೆ ಏನು ಆಯ್ತು, ಅದು ಬೇಕು. ನಿಮ್ಮ ಕಾಗದ ನೋಡಿ ಯಾವ ಭಾಗ ಇರಬೇಕು, ಯಾವುದು ಹೋಗಬೇಕು, ನಾನು ಡಿಸೈಡ್ ಮಾಡ್ತೇನೆ. ಯಲ್ಲಾಪುರದಲ್ಲಿ ರೆಕಾರ್ಡಿಂಗ್. ಅಲ್ಲಿ ನುಡಿಸಿದ್ದೇ ಕೊನೆ."

"ಅಲ್ಲಿ ಇಲ್ಲದ್ದು?"

"ಇಲ್ಲ ಅಂದ್ರೆ ಇಲ್ಲ. ಈ ವಾದ್ಯದವರೆಲ್ಲ ಮತ್ತೆ ಒಂದೇ ಕಡೆ ಸಿಗೋದಿಲ್ಲ ಅಕ್ಕಾ."

ಇಷ್ಟು ದೊಡ್ಡ ಜವಾಬ್ದಾರಿಯನ್ನು ಗುರುತು ಪರಿಚಯವಿಲ್ಲದ ಹೆಂಗಸಿಗೆ ಕೊಡುವವನ ಮೇಲೆ ಯಾರಿಗಾದರೂ ಅನುಮಾನ ಬರುತ್ತದೆ. ನನಗೂ ಬಂತು. ನಾಳೆ ಜನ ಉಗಿದರೆ ಹೆಸರು ಹೇಳಲು ಒಬ್ಬರು ಬೇಕು, ಅದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾನೆ ಎಂದುಕೊಂಡೆ.

ಅವರ ಅಭ್ಯಾಸಕ್ಕೆ ಹೋಗಿ ಕೂತ ಮೇಲಂತೂ ನನಗೆ ಖಾತ್ರಿಯೇ ಆಯಿತು. ಮೊದಲ ಭಾಗದಲ್ಲಿ ವಾಯೊಲಿನ್ನಿನ ಬೆನ್ನು ತಟ್ಟುತ್ತಾರೆ, ತೆಂಗಿನಕಾಯಿ ಬಲಿತಿದೆಯೋ ಎಂದು ನೋಡುವ ಹಾಗೆ. ಎರಡನೆಯದರಲ್ಲಿ ಹನ್ನೆರಡು ಜನ ಒಟ್ಟಿಗೆ ಕುಯ್ಯುತ್ತಾರೆ. ಕುಯ್ಯುವುದು ಎಂಬುದು ನಮ್ಮಲ್ಲಿ ಪಿಟೀಲಿಗೂ ಸೈ, ತಲೆ ತಿನ್ನುವ ಮಾತಿಗೂ ಸೈ. ಇಲ್ಲಿ ಎರಡೂ ಆಗುತ್ತಿತ್ತು. ಮೂರನೆಯದರಲ್ಲಿ ಸ್ವರವೇ ಇಲ್ಲ. ಕಹಳೆ, ಕೊಳಲು, ಕ್ಲಾರಿಯೊನೆಟ್ ಹಿಡಿದವರೆಲ್ಲ ನಾದ ಹುಟ್ಟದ ಹಾಗೆ ಬರೀ ಗಾಳಿ ಊದಬೇಕು. ವಾಯೊಲಿನ್ನಿನವರು ಕಮಾನನ್ನು ತಂತಿಗೆ ತಾಗಿಯೂ ತಾಗದಂತೆ ಎಳೆಯಬೇಕು. ನಡುನಡುವೆ ಎಲ್ಲರೂ ನಿಲ್ಲಿಸುತ್ತಾರೆ. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಯಾರೋ ಒಬ್ಬರು ಮತ್ತೆ ಊದುತ್ತಾರೆ, ಉಳಿದವರು ಹಿಂಬಾಲಿಸುತ್ತಾರೆ. ಹನ್ನೊಂದು ನಿಮಿಷ ಇದೇ ಕತೆ. ನಾಲ್ಕನೆಯದರಲ್ಲಿ ಡೋಲು, ತಾಳ, ಗದ್ದಲ. ಅದು ಒಂದಾದರೂ ಕಿವಿಗೆ ಬೀಳುತ್ತಿತ್ತು.

ಶಿರಸಿಯಲ್ಲಿ ಸಭಾಗೃಹ ತುಂಬಿತು. ಕಾರಣ ಸಂಗೀತವಲ್ಲ, ಬ್ಯಾನರು. ಅದರ ಮೇಲೆ ಆರ್ಕೆಸ್ಟ್ರಾ ಎಂದು ದೊಡ್ಡದಾಗಿ ಬರೆಸಿದ್ದರು. ನಮ್ಮಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶ ಚೌತಿಗೆ ಪೆಂಡಾಲಿನಲ್ಲಿ ಸಿನೆಮಾ ಹಾಡು ಹಾಡುವವರು. ಜನ ಮಕ್ಕಳುಮರಿಯೊಂದಿಗೆ ಬಂದು ಕೂತರು. ಮೊದಲ ಭಾಗ ಮುಗಿಯುವವರೆಗೂ ಶ್ರುತಿ ಮಾಡಿಕೊಳ್ಳುತ್ತಿದ್ದಾರೆ ಎಂದೇ ಎಲ್ಲರೂ ತಾಳ್ಮೆಯಿಂದ ಕಾದರು. ಎರಡನೆಯದರ ನಡುವೆ ಹಿಂದಿನಿಂದ ಯಾರೋ, "ಹಾಡು ಹೇಳೋರು ಬಸ್ಸಲ್ಲೇ ಉಳಕಂಡ್ವಾ ಹ್ಯಾಂಗೆ?" ಎಂದರು. ಅರ್ಧ ಸಭೆ ನಕ್ಕಿತು. ವಾದ್ಯದವರ ಮುಂದೆ ನಿಂತು ಕೈಯಾಡಿಸುತ್ತಿದ್ದ ಮಿಲಿಂದ ಹಿಂದೆ ತಿರುಗಿ ನೋಡಲಿಲ್ಲ.

ಆದರೆ ಮುಗಿದ ಮೇಲೆ ನನ್ನ ಮೇಜಿನ ಮುಂದೆ ಸಾಲು ನಿಂತವರ ಮಾತು ಕೇಳಬೇಕಿತ್ತು ನೀವು! ನಕ್ಕವರೇ "ಅದ್ಭುತ" ಎಂದರು. ಡಾಕ್ಟರೊಬ್ಬರು "ದಿವ್ಯ ಅನುಭವ" ಎಂದು ಬರೆಸಿದರು. ಅವರು ಎರಡನೆಯ ಭಾಗದಲ್ಲಿ ಗೊರಕೆ ಹೊಡೆದದ್ದನ್ನು ನಾನೇ ಕೇಳಿದ್ದೆ. ಒಬ್ಬರು "ಅರ್ಥ ಆಗದಿದ್ದರೂ ಅರ್ಥ ಆಯಿತು" ಎಂದರು. ಎಲ್ಲಿ ದಡ್ಡರೆನಿಸಿಕೊಳ್ಳುತ್ತೇವೋ ಎಂಬ ಹೆದರಿಕೆ, ಬೇರೇನಲ್ಲ. ನಮ್ಮ ಭಾಗೀರಥಿ ಅತ್ತಿಗೆಯೂ ಬಂದಿದ್ದರು, ಅಣ್ಣನ ಹೆಂಡತಿ. ಕಣ್ಣು ಕೆಂಪಾಗಿತ್ತು.

"ಎಂಗೆ ಎಂತಕ್ಕೆ ಅಳು ಬಂತು ಗೊತ್ತಿಲ್ಲೆ ಮಾರಾಯ್ತಿ. ಆ ಗಾಳಿ ಊದ್ತಿದ್ವಲೇ, ಅಲ್ಲಿ."

"ನಿಂಗೆ ಟೀವಿ ಜಾಹೀರಾತಿಗೂ ಅಳು ಬತ್ತು," ಎಂದೆ.

ಅತ್ತಿಗೆ ಮುಖ ಚಿಕ್ಕದು ಮಾಡಿಕೊಂಡು ಹೋದರು. ನಾನು ಅವರ ಹೇಳಿಕೆ ಬರೆಯಲೇ ಇಲ್ಲ, ಮನೆಯವರ ಸಾಕ್ಷಿ ನಿಲ್ಲುವುದಿಲ್ಲ ಎಂದು. ನಿಜ ಹೇಳಬೇಕೆಂದರೆ ಆ ಗಾಳಿಯ ಭಾಗದಲ್ಲಿ ನನಗೂ ಎದೆ ಹಿಡಿದುಕೊಂಡ ಹಾಗಾಗಿತ್ತು. ಸಂಜೆ ತಿಂದ ಮೆಣಸಿನಕಾಯಿ ಬಜ್ಜಿಯ ಗ್ಯಾಸು ಎಂದುಕೊಂಡು ಮನೆಗೆ ಹೋಗಿ ಜೀರಿಗೆ ಕಷಾಯ ಕುಡಿದೆ.

ಸಿದ್ದಾಪುರದ ಹೊತ್ತಿಗೆ ಬ್ಯಾನರಿನಿಂದ ಆರ್ಕೆಸ್ಟ್ರಾ ಎಂಬುದನ್ನು ತೆಗೆಸಿದೆವು. ಶಾಲೆಯ ಸಭಾಭವನ, ಮಧ್ಯಾಹ್ನದ ಹೊತ್ತು. ಬಂದವರು ಹೆಚ್ಚಿನವರು ಗದ್ದೆ ಕೆಲಸದವರು, ಮೇಸ್ತ್ರಿಗಳು, ಸಂಘದ ಹೆಂಗಸರು. ಇಲ್ಲಿ ಯಾರೂ ಅದ್ಭುತ ಎನ್ನಲಿಲ್ಲ. "ತಲೆ ನೋವು ಬಂತು" ಎಂದರು, "ಕಡೀಗೆ ಡೋಲು ಬಂದದ್ದು ಲಾಯ್ಕಿತ್ತು" ಎಂದರು. ಮತ್ತೆ ಏಳೆಂಟು ಜನ ಒಬ್ಬರಿಗೊಬ್ಬರು ಮಾತಾಡಿಕೊಂಡವರ ಹಾಗೆ ಒಂದೇ ಮಾತು ಹೇಳಿದರು. ಮೂರನೆಯದರಲ್ಲಿ ಬೇಜಾರ್ ಬಂತು.

ಅವರಲ್ಲಿ ಒಬ್ಬರು ತಿಮ್ಮಣ್ಣ. ದೊಡ್ಮನೆ ಕಡೆಯವರು, ಗದ್ದೆ ಇರುವ ಮನುಷ್ಯ, ಅರವತ್ತು ದಾಟಿರಬೇಕು. ಮೂರನೆಯ ಭಾಗದ ನಡುವೆಯೇ ಎದ್ದು ಕುರ್ಚಿ ಸದ್ದು ಮಾಡಿಕೊಂಡು ಹೊರಗೆ ಹೋದದ್ದನ್ನು ನಾನು ಗಮನಿಸಿದ್ದೆ. ಎಲ್ಲ ಮುಗಿದ ಮೇಲೆ ಬಾಗಿಲ ಬಳಿ ಸಿಕ್ಕರು. ತಡೆದು ನಿಲ್ಲಿಸಿ ಪಾಟೀಸವಾಲಿಗೆ ಇಳಿದೆ.

"ನಿಮಗೆ ಹೆಂಗನಿಸ್ತು?"

"ಬೇಜಾರ್ ಬಂತು ಅಮ್ಮಾ."

"ಎಲ್ಲಿ?"

"ಬರೀ ಗಾಳಿ ಊದ್ತಿದ್ರಲ, ಅಲ್ಲಿ."

"ಎಷ್ಟು ಬೇಜಾರು?"

ಅವರು ನೆಲ ನೋಡಿದರು. "ಕೂತ್ಕಣ್ಲಿಕ್ಕೆ ಆಗ್ಲಿಲ್ಲ. ಎದ್ದು ಹೋದೆ."

ನನಗೆ ಎಷ್ಟು ಖುಷಿಯಾಯಿತೆಂದರೆ! ಅಂತೂ ಒಬ್ಬ ಪ್ರಾಮಾಣಿಕ ಸಾಕ್ಷಿ ಸಿಕ್ಕಿದ. ನಾನು ಟೈಪು ಮಾಡಿದೆ: 'ಮೂರನೆಯ ಭಾಗದಲ್ಲಿ ಬೇಸರಗೊಂಡು, ಕುಳಿತುಕೊಳ್ಳಲಾಗದೆ, ಸಭೆಯಿಂದ ಎದ್ದು ಹೋದರು.' ತಲೆಯೆತ್ತಿ ನೋಡಿದರೆ ತಿಮ್ಮಣ್ಣ ಬಸ್ಸಿಗೆ ಹೊರಟುಹೋಗಿದ್ದರು. ಓದಿ ಹೇಳದೆ ಮುಗಿಸಿದ ಹೇಳಿಕೆ ನನ್ನ ಜನ್ಮದಲ್ಲಿ ಅದೊಂದೇ. ಇರಲಿ, ಇದೇನು ಕೊಲೆ ಕೇಸೇ ಎಂದುಕೊಂಡೆ.

ಮಾರನೆಯ ದಿನ ಮಾಳಿಗೆಯಲ್ಲಿ ಹಾಳೆಗಳನ್ನು ಹರವಿಕೊಂಡು ಒಂದೊಂದನ್ನೇ ಮಿಲಿಂದನಿಗೆ ಅರ್ಥ ಹೇಳಿದೆ. ಮೂರನೆಯ ಭಾಗದ ಸರದಿ ಬಂತು. ಬೋರು ಎಂದೆ.

"ಬೋರ್?" ಅವನ ಮುಖ ಬಿಳಿಚಿತು. "ಎಲ್ಲರೂ ಬೋರ್ ಅಂದ್ರಾ?"

"ಬೇಜಾರು ಅಂದ್ರು."

"ಬೇಜಾರ್ ನಮ್ಮ ಮರಾಠೀಲೂ ಇದೆ. ಸಾಕೋ ಸಾಕು ಆಯ್ತು ಅಂತ." ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಅಕ್ಕಾ, ನಿಮ್ಮ ಕನ್ನಡದಲ್ಲಿ ಅದಕ್ಕೆ ಬೇರೆ ಏನಾದರೂ ಅರ್ಥ ಇದೆಯಾ?"

ಇದೆಯೇ ಎಂದು ಕೇಳುತ್ತಾನೆ! ಭಾಷಣ ಉದ್ದವಾದರೆ ನಮಗೆ ಬೇಜಾರು. ಮಗಳು ಫೋನು ಮಾಡದಿದ್ದರೆ ಬೇಜಾರು. ಸತ್ತವರ ಮನೆಗೆ ಹೋಗಿ ಬಂದು ಕೈಕಾಲು ತೊಳೆದು ಜಗಲಿಯಲ್ಲಿ ಕೂತಾಗ ಬಾಯಿಂದ ಹೊರಡುವ ಮಾತೂ ಬೇಜಾರೇ. ಕೋರ್ಟಿನಲ್ಲಿ ಒಬ್ಬಳು 'ಬೇಜಾರಾಗಿ ಮನೆ ಬಿಟ್ಟೆ' ಎಂದದ್ದಕ್ಕೆ ಇಬ್ಬರು ವಕೀಲರು ಅರ್ಧ ದಿನ ಜಗಳಾಡಿದ್ದರು, ಗಂಡನ ಮೇಲೆ ಜಿಗುಪ್ಸೆಯೋ ಮನಸ್ಸಿಗೆ ನೋವೋ ಎಂದು. ಆ ಹಾಳೆ ಟೈಪು ಮಾಡಿದವಳೇ ನಾನು. ನನಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ.

"ಇಲ್ಲ," ಎಂದೆ. "ಅದೇ ಅರ್ಥ."

ಏಕೆ ಹಾಗೆಂದೆ? ಅವತ್ತು ಕೇಳಿದ್ದರೆ ಸತ್ಯವನ್ನೇ ಹೇಳಿದೆ ಎಂದು ಪ್ರಮಾಣ ಮಾಡುತ್ತಿದ್ದೆ. ಸ್ವರವಿಲ್ಲದ, ತಾಳವಿಲ್ಲದ ಬರೀ ಗಾಳಿಗೆ ಗದ್ದೆಯ ಜನರಿಗೆ ದುಃಖ ಬರುವುದುಂಟೇ? ಪೇಟೆಯವರು ನಾಟಕ ಮಾಡಿದರು, ಇವರು ನಿಜ ಹೇಳಿದರು, ಇಷ್ಟೇ. ಅವನ ಬಣ್ಣ ಬಯಲಾಗಬೇಕು ಎಂಬ ಆಸೆ ನನಗೆ ಮೊದಲ ದಿನದಿಂದ ಇತ್ತು. ಒಂದು ಪದದ ಎರಡು ಅರ್ಥಗಳಲ್ಲಿ ನನಗೆ ಬೇಕಾದದ್ದನ್ನು ಎತ್ತಿಕೊಂಡೆ.

ಮಿಲಿಂದ ವಾದ ಮಾಡಲಿಲ್ಲ. ಎರಡು ದಿನ ಊಟಕ್ಕೆ ಕೆಳಗೆ ಇಳಿಯಲಿಲ್ಲ ಎಂದು ಅತ್ತಿಗೆ ಹೇಳಿದರು. ಮೂರನೆಯ ದಿನ ಅಭ್ಯಾಸಕ್ಕೆ ಹೋದರೆ ಎರಡನೆಯ ಭಾಗದಿಂದ ನೇರ ನಾಲ್ಕಕ್ಕೆ ಹಾರಿದರು. ಕ್ಲಾರಿಯೊನೆಟ್ಟಿನವಳು ಏನೋ ಕೇಳಲು ಬಾಯಿ ತೆರೆದಳು. ಅವನು ತಲೆಯಲ್ಲಾಡಿಸಿದ. ನನಗೆ ಗೆದ್ದ ಹಾಗೆಯೇ ಅನಿಸಿತು. ಆದರೆ ಗೆದ್ದ ಮೇಲೆ ನಿದ್ದೆ ಚೆನ್ನಾಗಿ ಬರಬೇಕು, ಅದು ಬರಲಿಲ್ಲ.

ಯಲ್ಲಾಪುರದಲ್ಲಿ ಧ್ವನಿಮುದ್ರಣ. ಫ್ಯಾನು ಬಂದ್ ಮಾಡಿಸಿ, ಕಿಟಕಿಗಳಿಗೆ ಕಂಬಳಿ ಹೊದಿಸಿ, ವೇದಿಕೆಯ ತುಂಬ ಮೈಕು ನಿಲ್ಲಿಸಿದ್ದರು. ನಾಲ್ಕು ಗಂಟೆಗೆ ಶುರು. ಮೂರೂವರೆಗೆ ನಾನು ಬಾಗಿಲ ಬಳಿ ಮೇಜು ಹಾಕಿಸಿಕೊಂಡು ಕೂತಿದ್ದಾಗ ಮೆಟ್ಟಿಲು ಹತ್ತಿ ಬಂದವರು ತಿಮ್ಮಣ್ಣ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಟವೆಲು.

ನನ್ನ ತಲೆ ತಕ್ಷಣ ಓಡಿತು. ಸಿದ್ದಾಪುರದಿಂದ ಶಿರಸಿ, ಅಲ್ಲಿಂದ ಯಲ್ಲಾಪುರ, ಎರಡು ಬಸ್ಸು. ಎದ್ದು ಹೋದ ಮನುಷ್ಯ ಇಷ್ಟು ದೂರ ಮತ್ತೆ ಅದನ್ನೇ ಕೇಳಲು ಬರುತ್ತಾನೆಯೇ? ಇದು ಮಿಲಿಂದನ ಕೈವಾಡ, ಹೇಳಿಕೆ ಬದಲಿಸಲು ಸಾಕ್ಷಿಯನ್ನು ಕರೆಸಿದ್ದಾನೆ, ಎಂದೇ ನಾನು ನಂಬಿದೆ.

"ಯಾರು ಬರ್ಲಿಕ್ಕೆ ಹೇಳಿದ್ರು ನಿಮಗೆ?"

"ಯಾರೂ ಹೇಳ್ಲಿಲ್ಲ. ಇಲ್ಲಿ ಬಾರಿಸ್ತಾರೆ ಅಂತ ಅವತ್ತೇ ಬೋರ್ಡ್ ನೋಡಿದ್ದೆ."

"ನಿಮಗೆ ಬೇಜಾರ್ ಬಂದು ಎದ್ದು ಹೋಗಿದ್ರಲ್ಲ. ಮತ್ತೆ ಯಾಕೆ ಬಂದ್ರಿ?"

"ಅದಕ್ಕೇ ಬಂದೆ ಅಮ್ಮಾ," ಎಂದರು.

ಅಷ್ಟೇ ಮಾತು. ಅವರ ಬೇಜಾರು ನಾನು ಬರೆದ ಬೇಜಾರಲ್ಲ ಎಂದು ಅಲ್ಲೇ ತಿಳಿಯಿತು. ಅವರು ಒಳಗೆ ಹೋಗಿ ಮುಂದಿನಿಂದ ಮೂರನೆಯ ಸಾಲಿನಲ್ಲಿ ಕೂತರು. ಗೋಡೆಯ ಗಡಿಯಾರದಲ್ಲಿ ಇನ್ನೂ ಇಪ್ಪತ್ತು ನಿಮಿಷವಿತ್ತು. ವಾದ್ಯದವರೆಲ್ಲ ಇದ್ದರು, ಆ ಹನ್ನೊಂದು ನಿಮಿಷ ಅವರಿಗೆ ಬಾಯಿಪಾಠ ಬರುತ್ತಿತ್ತು. ನಾನು ಎದ್ದು ವೇದಿಕೆಯ ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಮಿಲಿಂದ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದ. "ಏನಕ್ಕಾ?" ಎಂದ.

ಹೇಳಬೇಕಾದದ್ದು ಒಂದೇ ವಾಕ್ಯ. ಬೇಜಾರಿಗೆ ಇನ್ನೊಂದು ಅರ್ಥವಿದೆ, ನಾನು ಮುಚ್ಚಿಟ್ಟೆ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಒಂದು ಹಾಳೆಯನ್ನೂ ಯಾರೂ ತಿದ್ದಿರಲಿಲ್ಲ. ಆ ಕೊಬ್ಬು ಹೇಳಲು ಬಿಡಲಿಲ್ಲ.

"ಏನಿಲ್ಲ," ಎಂದೆ. "ನೀರು ಬೇಕಿತ್ತೋ ಏನೋ, ಕೇಳೋಣ ಅಂತ ಬಂದೆ."

ವಾದನ ಶುರುವಾಯಿತು. ನಾನು ವೇದಿಕೆ ನೋಡಲಿಲ್ಲ, ತಿಮ್ಮಣ್ಣನ ಬೆನ್ನು ನೋಡಿದೆ. ಎರಡನೆಯ ಭಾಗ ಮುಗಿದಾಗ ಅವರು ಟವೆಲನ್ನು ಹೆಗಲಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತರು. ಡೋಲು ಬಡಿಯಿತು. ಅವರು ಅತ್ತಿತ್ತ ನೋಡಿದರು. ಇದಾದ ಮೇಲೆ ಬರಬಹುದು ಎಂದು ಕಾದಿರಬೇಕು. ಚಪ್ಪಾಳೆ ಬಿದ್ದು, ಜನ ಎದ್ದು, ವಾದ್ಯಗಳು ಪೆಟ್ಟಿಗೆ ಸೇರುವವರೆಗೂ ಕೂತೇ ಇದ್ದರು. ಆಮೇಲೆ ನನ್ನ ಮೇಜಿಗೆ ಬಂದರು.

"ಅಮ್ಮಾ, ಆ ಗಾಳೀದು ಬರ್ಲೇ ಇಲ್ಲ?"

"ಇಲ್ಲ. ಕೂತ್ಕಳಿ," ಎಂದೆ. ಸಿದ್ದಾಪುರದಲ್ಲಿ ಓದಿ ಹೇಳದೆ ಬಿಟ್ಟ ಅವರ ಹೇಳಿಕೆಯನ್ನು ತೆಗೆದು ಓದಿ ಹೇಳಿದೆ. ಬೇಸರಗೊಂಡು, ಕುಳಿತುಕೊಳ್ಳಲಾಗದೆ, ಎದ್ದು ಹೋದರು.

"ಸರಿ ಇದೆ," ಎಂದರು.

"ಯಾಕೆ ಬಂತು ಬೇಜಾರು?" ಈ ಪ್ರಶ್ನೆಯನ್ನು ಅವತ್ತೇ ಕೇಳಬೇಕಿತ್ತು.

ತಿಮ್ಮಣ್ಣ ಟವೆಲನ್ನು ಮಡಚುತ್ತಾ ಹೇಳಿದರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಕೊನೆಯ ಮೂರು ದಿನ ಉಸಿರು ಹಾಗೇ ಇತ್ತಂತೆ. ನಿಲ್ಲುವುದು, ಹೋಯಿತು ಎಂದುಕೊಂಡು ಮಕ್ಕಳು ಬಾಯಿ ತೆಗೆಯುವಷ್ಟರಲ್ಲಿ ಮತ್ತೆ ಬರುವುದು. "ಕಡೀಗೆ ನಿಂತಾಗ್ಲೂ ನಾನು ಇನ್ನೊಂದು ಬತ್ತದೆ ಅಂತ ಕಾಯ್ತಾ ಕೂತಿದ್ದೆ ಅಮ್ಮಾ. ಎಲ್ಲರೂ ಅತ್ರು. ನಂಗೆ ಅಳು ಬರ್ಲಿಲ್ಲ. ದಹನ ಆತು, ವೈಕುಂಠ ಸಮಾರಾಧನೆ ಆತು, ಬರ್ಲೇ ಇಲ್ಲ. ಅವಳ ತಮ್ಮಂದಿರು, ಇವನಿಗೆ ಹೆಂಡ್ತಿ ಹೋಗಿದ್ದೇ ಬೇಕಿತ್ತು, ಇವನೇ ಏನೋ ಮಾಡಿರ್ಬೇಕು ಅಂದ್ರು. ಈಗ್ಲೂ ನಮ್ಮನೆ ಹೊಸಿಲು ತುಳಿಯೂದಿಲ್ಲ. ನಂಗೂ ನನ್ ಮೇಲೇ ಅನುಮಾನ ಬಂತು, ನಾನೆಂತ ಕಲ್ಲಾ ಅಂತ. ಅವತ್ತು ನಿಮ್ಮ ಶಾಲೇಲಿ ಬಂತು. ಹೊರಗೆ ಹೋಗಿ ಗೇಟ್ ಹಿಡ್ಕಂಡು ಅತ್ತೆ. ಅತ್ತಿದ್ರಲ್ಲಿ ಪೂರ್ತಿ ಕೇಳ್ಲಿಕ್ಕೆ ಆಗ್ಲಿಲ್ಲ. ಅದು ಕಡೀಗೆ ಹೆಂಗೆ ನಿಲ್ತದೆ ಅಂತ ಕೇಳ್ಬೇಕಿತ್ತು."

ಅವರು ಮಡಚಿದ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

"ನೀವು ಕೇಳಿದ್ರಲ, ಹೆಂಗೆ ನಿಲ್ತದೆ?"

ಎರಡು ಸಲ ಪೂರ್ತಿ ಕೇಳಿದವಳು ನಾನು, ಅಭ್ಯಾಸದಲ್ಲಿ ಇನ್ನೂ ಹೆಚ್ಚು. ಹೇಗೆ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಹನ್ನೊಂದು ನಿಮಿಷವೂ ನಾನು ಕೇಳುವವರ ಮುಖ ನೋಡುತ್ತಿದ್ದೆ, ಯಾರು ಸುಳ್ಳು, ಯಾರು ನಿಜ ಎಂದು. ಮಿಲಿಂದನಿಗೆ ನಾನು ಎಲ್ಲವನ್ನೂ ಹೇಳಿದ್ದು ಎಷ್ಟೋ ತಿಂಗಳ ಮೇಲೆ. ಅವನು ಬೈಯಲಿಲ್ಲ, ಫೋನು ಇಟ್ಟ. ಆದರೆ ತಿಮ್ಮಣ್ಣನಿಗೆ ಅವತ್ತೇ ಅಲ್ಲೇ ಹೇಳಿಬಿಟ್ಟೆ. ಹೇಳದೆ ಆ ಮನುಷ್ಯನನ್ನು ಎರಡು ಬಸ್ಸು ಹತ್ತಿಸಿ ವಾಪಸು ಕಳಿಸಲು ನನ್ನಿಂದ ಆಗಲಿಲ್ಲ.

"ತಿಮ್ಮಣ್ಣ, ಅದನ್ನ ತೆಗೆಸಿದ್ದು ನಾನೇ. ಅವರು ಇಟ್ಕಂಡಿದ್ರು. ನಾನು ಹೇಳಿ ತೆಗೆಸ್ದೆ. ಇನ್ನು ಅದನ್ನ ಎಲ್ಲೂ ಬಾರಿಸೂದಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಸಿಟ್ಟು ಕಾಣಿಸಲಿಲ್ಲ. ಮೇಜಿನ ಆಚೆಯಿಂದ ಸ್ವಲ್ಪ ಬಾಗಿ, ಕಾಯಿಲೆಯವರನ್ನು ವಿಚಾರಿಸುವ ದನಿಯಲ್ಲಿ ಕೇಳಿದರು:

"ಅಷ್ಟು ಬೇಜಾರ್ ಬಂತಾ ಅಮ್ಮಾ ನಿಮ್ಗೆ?"